ಶರಣಮ್ಮನ ಖಾತೆ, ಗುರುಸಿದ್ದನ ಫೋನು

ಭಾಗ್ಯಜ್ಯೋತಿಗೆ ಬೆಂಗಳೂರಿನಲ್ಲಿ ಸಿಕ್ಕ ಮೊದಲ ಮರ್ಯಾದೆಯ ಕೆಲಸ ಅದು. ಬಾಗಲಕೋಟೆ ಕಡೆಯ ಹುಡುಗಿ, ಬಿ.ಎ. ಮುಗಿಸಿ ಬಂದು ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿ ಇನ್ನೂ ಮೂವರೊಂದಿಗೆ ಒಂದು ಕೋಣೆ ಹಂಚಿಕೊಂಡಿದ್ದಳು. ಎರಡು ಸಾವಿರದ ಒಂಬತ್ತರಲ್ಲಿ ಜಯನಗರದ ಸಂಶೋಧನಾ ಸಂಸ್ಥೆಯೊಂದು ಅವಳನ್ನು ಸರ್ವೆಗೆ ತೆಗೆದುಕೊಂಡಿತು. ಬಡವರು ಮೊಬೈಲಿನಲ್ಲೇ ಹಣ ಉಳಿಸಬೇಕಾದರೆ ಏನೇನು ಬೇಕು ಎಂಬುದು ಸಂಶೋಧನೆ. ಅರೆಕೆರೆಯ ತಗಡಿನ ಶೆಡ್ಡುಗಳಲ್ಲಿದ್ದ ಮನೆಗೆಲಸದ ಹೆಂಗಸರಿಗೆ ಖಾತೆ ಮಾಡಿಸಬೇಕು, ಮೂರು ತಿಂಗಳಾದ ಮೇಲೆ ಮತ್ತೆ ಹೋಗಿ ನಲವತ್ತೆರಡು ಪ್ರಶ್ನೆ ಕೇಳಬೇಕು. ಒಂದು ಖಾತೆಗೆ ಸಂಬಳದ ಮೇಲೆ ಇಪ್ಪತ್ತು ರೂಪಾಯಿ.

ಶರಣಮ್ಮ ಸುಲಭಕ್ಕೆ ಒಪ್ಪಿರಲಿಲ್ಲ. ಯಾದಗಿರಿಯಿಂದ ಗಂಡ ಗುರುಸಿದ್ದನ ಜೊತೆ ಬಂದವಳು, ಜಯನಗರದಲ್ಲಿ ವಿಮಲಾ ಎಂಬವರ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಉಳಿಸಿದ್ದ ಹನ್ನೊಂದು ಸಾವಿರವೂ ವಿಮಲಾ ಅವರ ಬೀರುವಿನಲ್ಲೇ ಇತ್ತು.

"ನನ್ ಹತ್ರಾನೇ ಇರ್ಲಿ ಬಿಡೇ, ಎಲ್ಲಿಗೆ ಹೋಗುತ್ತೆ?" ಎಂದು ಅವರು ಹೇಳಿದ್ದರಂತೆ.

"ನಾಳೆ ಅವರು ಮನೆ ಖಾಲಿ ಮಾಡಿದ್ರ?" ಎಂದು ಭಾಗ್ಯಜ್ಯೋತಿ ಊರಿನ ಮಾತಿನಲ್ಲೇ ಕೇಳಿದಳು. "ಇದು ನಿಮ್ಮ ಹೆಸರಿನಾಗ ಇರ್ತೈತಿ. ನೀವು ಬಿಟ್ಟು ಯಾರೂ ಮುಟ್ಟಂಗಿಲ್ಲ."

ಊರಿನ ಮಾತು ಕೇಳಿ ಶರಣಮ್ಮ ಕರಗಿದಳು. ಉಳಿತಾಯದ ಉದ್ದೇಶವೇನು ಎಂಬ ಪ್ರಶ್ನೆ ಬಂದಾಗ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಬರೀಬ್ಯಾಡ್ರಿ ಅಕ್ಕೋರೆ. ಬಿಳೇಕಹಳ್ಳ್ಯಾಗ ಒಂದು ಖೋಲಿ ನೋಡೀನಿ. ಅಡ್ವಾನ್ಸ್ ಹದಿನೈದು ಸಾವಿರ. ನಾನು, ನನ್ನ ಮಗಳು, ಇಬ್ಬರೇ. ಅವಗ ಗೊತ್ತಾದ್ರ ನನ್ನ ಉಳಸಂಗಿಲ್ಲ."

ಭಾಗ್ಯಜ್ಯೋತಿ 'ಇತರೆ' ಎಂಬಲ್ಲಿ ಗುರುತು ಹಾಕಿದಳು. ಮುಂದಿನ ಸಾಲಿನಲ್ಲಿ ಮೊಬೈಲ್ ನಂಬರು. ಶರಣಮ್ಮನ ಹತ್ತಿರ ಫೋನಿರಲಿಲ್ಲ. ಮನೆಯಲ್ಲಿ ಯಾರ ನಂಬರಾದರೂ ನಡೆಯುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಅವಳು ಗುರುಸಿದ್ದನ ನಂಬರು ಬರೆದಳು. ಹಣ ತೆಗೆಯಲು ಬೇಕಾದ ಗುಟ್ಟಿನ ಸಂಖ್ಯೆಯನ್ನು, ಯಾರೂ ಮರೆಯದಿರಲಿ ಎಂದು, ಆಫೀಸು ಎಲ್ಲರಿಗೂ ಒಂದೇ ಕೊಟ್ಟಿತ್ತು: ಒಂದು, ಎರಡು, ಮೂರು, ನಾಲ್ಕು.

ಮೂರು ತಿಂಗಳ ನಂತರ ಎರಡನೇ ಸುತ್ತಿಗೆ ಹೋದಾಗ ಶರಣಮ್ಮನ ಬಲಗೈ ಪ್ಲಾಸ್ಟರಿನಲ್ಲಿತ್ತು. ಶೆಡ್ಡಿನ ಮುಂದೆ ಒಂದು ಹಳೆಯ ಬೈಕು ನಿಂತಿತ್ತು. ಭಾಗ್ಯಜ್ಯೋತಿಯನ್ನು ಕಂಡದ್ದೇ ಅವಳು ಅಂಗಳಕ್ಕೆ ಉಗುಳಿದಳು.

"ಬರ್ರಿ. ಎಷ್ಟು ಪ್ರಶ್ನೆ ತಂದೀರಿ ಈ ಸಲ?"

ಆದದ್ದಿಷ್ಟು. ವಿಮಲಾ ಅವರ ಬೀರುವಿನಿಂದ ತಂದ ದುಡ್ಡನ್ನು ಅವಳು ಖಾತೆಗೆ ಕಟ್ಟಿದಾಗಲೆಲ್ಲ ಗುರುಸಿದ್ದನ ಫೋನಿಗೆ ಇಂಗ್ಲಿಷಿನಲ್ಲಿ ಮೆಸೇಜು ಹೋಗಿತ್ತು. ಅವನು ಅದನ್ನು ಅಂಗಡಿಯವನಿಂದ ಓದಿಸಿದ. ಖಾತೆಯ ದುಡ್ಡು ಕೊಡುತ್ತಿದ್ದವನೂ ಆ ಅಂಗಡಿಯವನೇ. ಎಲ್ಲರ ಗುಟ್ಟಿನ ಸಂಖ್ಯೆಯೂ ಒಂದೇ ಎಂದು ಗೊತ್ತಿದ್ದ ಅವನು ಅಷ್ಟೂ ದುಡ್ಡನ್ನು ಗುರುಸಿದ್ದನ ಕೈಗೆ ಕೊಟ್ಟ. ದುಡ್ಡು ಬೈಕಾಯಿತು. ಯಾಕೆ ಮುಚ್ಚಿಟ್ಟೆ ಎಂದು ಗುರುಸಿದ್ದ ಅವಳ ಕೈ ಮುರಿದ.

ಭಾಗ್ಯಜ್ಯೋತಿ ಕೈಯಲ್ಲಿದ್ದ ಫಾರಂ ಮಡಿಚಿ ಚೀಲಕ್ಕೆ ಹಾಕಿ, ಆ ವಾರವೆಲ್ಲ ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಫಾರಮಿನಲ್ಲಿಲ್ಲದ ಒಂದೇ ಪ್ರಶ್ನೆ ಕೇಳಿದಳು: ಫೋನು ಯಾರ ಹತ್ತಿರ ಇರುತ್ತದೆ? ಅವಳೇ ಖಾತೆ ಮಾಡಿಸಿದ್ದ ಎಪ್ಪತ್ತು ಹೆಂಗಸರಲ್ಲಿ ಐವತ್ತೆರಡು ಮಂದಿಯ ಫೋನು ಗಂಡನದೋ ಮಗನದೋ ಆಗಿತ್ತು. ರೇಣುಕವ್ವ ಎಂಬವಳು ನಕ್ಕುಬಿಟ್ಟಳು. "ಇದನ್ನ ಮೊದ್ಲ ಕೇಳಬೇಕಿತ್ತಲ್ಲವಾ, ಓದಿದಾಕಿ ನೀನು!"

ಸಂಸ್ಥೆಯ ಮುಖ್ಯಸ್ಥ ರಾಮಪ್ರಸಾದ ಟೇಬಲ್ಲಿನ ಮೇಲೆ ಖಾರಾಬಾತ್ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದ. ಎಡಗೈಯಲ್ಲಿ ಅವಳ ನೋಟ್‌ಬುಕ್ಕಿನ ಹಾಳೆ ತಿರುವುತ್ತ ತಿರುವುತ್ತ ಅವನ ಮುಖ ಅರಳಿತು.

"ಸಖತ್ ಡೇಟಾ ಕಣ್ರೀ ಇದು! ಎಪ್ಪತ್ತಕ್ಕೆ ಐವತ್ತೆರಡು! ಅಂದ್ರೆ ಇಡೀ ಫ್ಯಾಮಿಲಿ ಈ ಸರ್ವಿಸ್ ಬಳಸ್ತಾ ಇದೆ ಅಂತಾಯ್ತು. ಗಂಡಸರೂ ಇನ್ವಾಲ್ವ್ ಆಗಿದಾರೆ. ಇನ್ನೂ ಮೂರು ಜಿಲ್ಲೆಗೆ ಗ್ರಾಂಟ್ ಕೇಳ್ಬೋದು."

"ಸಾರ್, ಶರಣಮ್ಮನ ಗಂಡ ಅವ್ಳ ಕೈ ಮುರಿದಿದಾನೆ."

"ಪಾಪ. ಅದು ಡೊಮೆಸ್ಟಿಕ್ ಇಶ್ಯೂ, ನಮ್ ಸ್ಟಡಿಗೆ ಬರಲ್ಲ." ಅವನು ಮೂಗು ಒರೆಸಿಕೊಂಡ. "ಹಾಂ, ರಿಪೋರ್ಟಿನ ಕವರಿಗೆ ಒಂದು ಫೋಟೋ ಬೇಕು. ಆಕೆ ನಗ್ತಾ ಇರೋದು ಸಿಕ್ರೆ ಚೆನ್ನಾಗಿರುತ್ತೆ. ಪ್ಲಾಸ್ಟರ್ ಕಾಣೋ ಹಾಗೆ ಬೇಡ."

ಅವನ ಬೆರಳಿಗೆ ಅಂಟಿದ್ದ ರವೆ, ತುಟಿಯ ಮೇಲಿನ ತುಪ್ಪದ ಹೊಳಪು, ಆ 'ಪಾಪ' ಎಂಬ ಮಾತು ಎಲ್ಲವೂ ಒಟ್ಟಿಗೆ ಅವಳ ಗಂಟಲಿಗೆ ಬಂದವು.

"ಆ ಹನ್ನೊಂದು ಸಾವಿರ ನಾವು ವಾಪಸ್ ಕೊಡ್ಬೇಕಲ್ವಾ ಸಾರ್?"

"ಅದಕ್ಕೆ ಬಜೆಟ್ಟಲ್ಲಿ ಹೆಡ್ಡೇ ಇಲ್ವಲ್ರೀ."

ಮುಂದಿನ ವಾರ ದೊಡ್ಡ ಹೋಟೆಲಿನಲ್ಲಿ ನಡೆಯಬೇಕಿದ್ದ ಸಮ್ಮೇಳನದ ಊಟಕ್ಕೆ ಮಾತ್ರ ಹೆಡ್, ಅಂದರೆ ಖರ್ಚಿನ ಬಾಬ್ತು, ಇತ್ತು. ಎರಡು ಬಗೆಯ ಐಸ್‌ಕ್ರೀಮಿನ ಪಟ್ಟಿಯನ್ನು ಅವಳೇ ಟೈಪ್ ಮಾಡಿದ್ದಳು. ಅವಳು ಹೊರಗೆ ಬಂದು ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದಳು. ಬಾಯಿಯ ಕಹಿ ಹೋಗಲಿಲ್ಲ. ಯಾಕೆಂದರೆ ಹೇಸಿಗೆ ರಾಮಪ್ರಸಾದನ ಮೇಲಿನದಷ್ಟೇ ಆಗಿರಲಿಲ್ಲ. ಗೊತ್ತಿದ್ದೂ ಆ ನಂಬರು ಬರೆದ ಕೈ ಅವಳದು.

ಮಾರನೆಯ ದಿನದಿಂದ ಅವಳು ಸಂಸ್ಥೆಯ ಗುರುತಿನ ಚೀಟಿ ಹಾಕಿಕೊಂಡೇ ಸಂಸ್ಥೆಯ ಕೆಲಸ ಕೆಡಿಸಿದಳು. ಸ್ವಂತ ಫೋನಿದ್ದ ಹೆಂಗಸರನ್ನು ಕೂರಿಸಿಕೊಂಡು ಗುಟ್ಟಿನ ಸಂಖ್ಯೆ ಬದಲಿಸುವುದನ್ನು ಕಲಿಸಿದಳು. ಫೋನು ತಮ್ಮ ಕೈಯಲ್ಲಿ ಇಲ್ಲದವರ ದುಡ್ಡು ತೆಗೆಸಿ, ಅವರ ಕಣ್ಣೆದುರೇ ಖಾತೆ ಮುಚ್ಚಿಸಿದಳು. ಎರಡು ವಾರದಲ್ಲಿ ನಲವತ್ತೊಂದು ಖಾತೆ ಮುಚ್ಚಿದವು. ಸುದ್ದಿ ಜಯನಗರಕ್ಕೆ ಮುಟ್ಟಿದ ದಿನವೇ ಅವಳ ಕೆಲಸ ಹೋಯಿತು.

ಕೊನೆಯ ಸಂಬಳದಲ್ಲಿ ಖಾತೆಗಳ ಕಮಿಷನ್ ಸಾವಿರದ ನಾನೂರು ಬಂದಿತ್ತು. ಅದಕ್ಕೆ ತನ್ನ ಹತ್ತಿರವಿದ್ದ ಎರಡು ಸಾವಿರ ಸೇರಿಸಿ ಅರೆಕೆರೆಗೆ ಹೋದಳು. ಶರಣಮ್ಮ ಅಲ್ಲಿರಲಿಲ್ಲ. ಮಗಳನ್ನು ಕರೆದುಕೊಂಡು ರೇಣುಕವ್ವನ ಶೆಡ್ಡಿಗೆ ಹೋಗಿ, ಅರ್ಧ ಬಾಡಿಗೆಗೆ ಅಲ್ಲೇ ಇದ್ದಳು. ಎರಡು ಸಲ ಕರೆಯಲು ಬಂದ ಗುರುಸಿದ್ದನಿಗೆ ರೇಣುಕವ್ವ ಕುಡುಗೋಲು ತೋರಿಸಿದ್ದಳಂತೆ.

ಶರಣಮ್ಮ ಎಡಗೈಯಲ್ಲಿ ದುಡ್ಡು ತೆಗೆದುಕೊಂಡಳು.

"ಇದು ನೀವು ಕೊಟ್ಟಿದ್ದಲ್ಲ, ತಿಳ್ಕೋರಿ. ನಂದ ನನಗ ಬಂತು. ಇನ್ನೂ ಬರೂದೈತಿ."

"ಹೌದ್ರಿ," ಎಂದಳು ಭಾಗ್ಯಜ್ಯೋತಿ.

ಮುಂದೆ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಕೆಲಸ ಹಿಡಿದು, ತಿಂಗಳಿಗೆ ಐನೂರರಂತೆ ಅವಳು ಉಳಿದದ್ದನ್ನು ಮುಟ್ಟಿಸಿದಳು. ಹದಿನಾರು ತಿಂಗಳು ಹಿಡಿಯಿತು. ಶರಣಮ್ಮ ಒಮ್ಮೆಯೂ ಒಳಗೆ ಬಾ ಎನ್ನಲಿಲ್ಲ. ಅಷ್ಟರಲ್ಲಿ ಸಂಸ್ಥೆಯ ವರದಿ ಅಚ್ಚಾಗಿತ್ತು. ಅರೆಕೆರೆಯಲ್ಲಿ ಖಾತೆಗಳು ಮುಚ್ಚಲು ಹೆಂಗಸರ ತಿಳಿವಳಿಕೆಯ ಕೊರತೆಯೇ ಕಾರಣ, ಅವರಿಗೆ ತರಬೇತಿ ಕೊಡಲು ಹೊಸ ಅನುದಾನ ಬೇಕು ಎಂದು ಅದರಲ್ಲಿತ್ತು. ಅನುದಾನ ಮಂಜೂರಾಯಿತು.