ಒಮ್ಮೆಯೂ ಅಡುಗೆ ಕಾಣದ ಪಾತ್ರೆ

ನಾನು ಹೆಬ್ಬೆರಳಿನಷ್ಟು ಎತ್ತರದ ಒಂದು ಮರದ ಪಾತ್ರೆ. ಚನ್ನಪಟ್ಟಣದ ಖಲೀಲ್ ಚಾಚಾ ಹಾಲೆಮರದ ತುಂಡಿನಿಂದ ನನ್ನನ್ನು ಕಡೆದು, ಹಳದಿ ಅರಗಿನ ಬಣ್ಣ ಹಿಡಿಸಿದರು. ಪುಟ್ಟ ಒಲೆ, ಒರಳು, ಬಿಂದಿಗೆಗಳೊಡನೆ ಹೆದ್ದಾರಿಯ ಅಂಗಡಿಯಲ್ಲಿ ಕುಳಿತೆ. ಮಕ್ಕಳಿಗೆ ಆಟಿಕೆ ಕೊಳ್ಳಲು ತಂದೆಯೊಬ್ಬರು ಬಂದಾಗ ನನ್ನ ಭವಿಷ್ಯವನ್ನು ತೀರ್ಮಾನಿಸಿದವನು ಅಂಗಡಿಯವನು: "ಅವಳಿಜವಳೀನಾ ಸಾರ್? ಗಂಡಿಗೆ ಕಾರು, ಹೆಣ್ಣಿಗೆ ಅಡುಗೆ ಸೆಟ್ಟು."

ಹೀಗೆ ಮದ್ದೂರಿನ ಭವಾನಿಯವರ ಮನೆ ಸೇರಿದೆ. ಮಗ ಪ್ರಣೀತ, ಮಗಳು ಇಂಚರ. ಇಬ್ಬರಿಗೂ ಮೂರು ವರ್ಷ. ಪ್ರಣೀತ ಕಾರುಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಒಂದು ಕದಲಿದರೂ ಕಿರುಚಿ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ. ಮನೆಯವರು ವೈದ್ಯರಲ್ಲಿಗೆ ಓಡಿದರು. ಆಟಿಸಂ ಎಂದು ತಿಳಿಯಿತು, ತರಬೇತಿ ಆರಂಭವಾಯಿತು. ಇಂಚರಳೂ ನಮ್ಮನ್ನು ಹಾಗೆಯೇ ಸಾಲಾಗಿ ಜೋಡಿಸುತ್ತಿದ್ದಳು. ಅಜ್ಜಿ ಕೆಂಪಮ್ಮನವರು ಹಿಗ್ಗುತ್ತಿದ್ದರು: "ನೋಡವ್ವ, ಏನ್ ಅಚ್ಚುಕಟ್ಟು! ಹೋದ ಮನೆ ಬೆಳಗ್ತಾಳೆ ಕಣೆ."

ಒಂದೇ ಬಗೆಯ ಸಾಲು! ಗಂಡು ಜೋಡಿಸಿದರೆ ರೋಗಲಕ್ಷಣ, ಹೆಣ್ಣು ಜೋಡಿಸಿದರೆ ಸದ್ಗುಣ. ಇದೆಂಥ ನ್ಯಾಯ? ಮೊಸರನ್ನದ ಹೊರತು ಬೇರೇನನ್ನೂ ಮುಟ್ಟದವಳನ್ನು ನಾಜೂಕಿನವಳು ಎಂದರು. ಮಿಕ್ಸಿಯ ಸದ್ದಿಗೆ ಮಂಚದಡಿ ಸೇರುವವಳನ್ನು ಪುಕ್ಕಲಿ ಎಂದು ನಕ್ಕರು. ಹೊಟ್ಟೆ ಕಟ್ಟಿ ನೋಯುವಾಗ ಅವಳು ನನ್ನನ್ನು ಹೊಕ್ಕುಳಿಗೆ ಒತ್ತಿಕೊಂಡು ಮುದುಡಿ ಕೂರುತ್ತಿದ್ದಳು. ಆ ನೋವು ನನಗೊಬ್ಬನಿಗೇ ಗೊತ್ತಿತ್ತು. ಹೇಳೋಣವೆಂದರೆ ನನಗೆ ಬಾಯಿದೆ, ನಾಲಿಗೆಯಿಲ್ಲ. "ಒಂದ್ ದೂರಿಲ್ಲ, ಬಂಗಾರದಂಥ ಮಗು," ಎನ್ನುತ್ತಿದ್ದರು ಎಲ್ಲರೂ.

ಒಂದು ದಿನ ಪ್ರಣೀತನ ತರಬೇತಿಗೆ ಹೋಗುವಾಗ ಇಂಚರಳನ್ನೂ ಕರೆದೊಯ್ದರು. ಅವಳು ನಮ್ಮನ್ನು ಚೀಲದಿಂದ ತೆಗೆದು ಅಲ್ಲಿಯೂ ಸಾಲು ಕಟ್ಟಿದಳು. ವೈದ್ಯೆ ಶರ್ವಾಣಿಯವರು ನೆಲದ ಮೇಲೆ ಕುಳಿತು ಕೈಯೊಡ್ಡಿದರು: "ನಂಗೂ ಒಂಚೂರು ಪಾಯಸ ಹಾಕಮ್ಮ."

ಇಂಚರ ಅವರತ್ತ ನೋಡಲಿಲ್ಲ; ನನ್ನನ್ನು ಕೂದಲೆಳೆಯಷ್ಟು ಸರಿಸಿದಳು.

"ಮನೇಲಿ ಏನೇನ್ ಅಡುಗೆ ಆಟ ಆಡ್ತಾಳೆ?"

ಭವಾನಿಯವರು ನಗುತ್ತಲೇ ಬಾಯಿ ತೆರೆದರು; ನಗು ಅಲ್ಲೇ ನಿಂತಿತು. "ಅಡುಗೆ... ಮಾಡಿದ್ದೇ ಇಲ್ಲ ಮೇಡಂ. ಯಾರ್ಗೂ ಬಡಿಸಿಲ್ಲ. ಬರೀ ಜೋಡಿಸ್ತಾಳೆ."

"ಇವಳನ್ನೂ ಪರೀಕ್ಷೆ ಮಾಡೋಣ."

"ಇವಳು ಗಲಾಟೆನೇ ಮಾಡಲ್ವಲ್ಲ!"

"ಅದಕ್ಕೇ ತಾಯಿ, ಯಾರೂ ಇವಳ ಕಡೆ ನೋಡಿಲ್ಲ."

ಅವಳದೂ ಆಟಿಸಂ ಎಂದು ತಿಳಿಯಿತು. ಹೊಟ್ಟೆ ಕಟ್ಟುವುದೂ ಪರೀಕ್ಷೆಯಲ್ಲಿ ಗೊತ್ತಾಗಿ, ತರಬೇತಿಯ ಜೊತೆಗೆ ಅದಕ್ಕೆ ಔಷಧವೂ ದೊರೆಯಿತು.

ಈಗ ನನ್ನ ಅರಗು ಸುಲಿದಿದೆ, ಅಂಚು ಬಿರಿದಿದೆ. ಅಡುಗೆಮನೆಯ ಕಿಟಕಿಯ ಮೂಲೆಯಲ್ಲಿದ್ದೇನೆ. ಹೆಣ್ಣುಮಗುವಿನ ಮೌನವನ್ನು ಮೆಚ್ಚುವ ಮುನ್ನ ಅದರ ಕಾರಣವನ್ನು ವಿಚಾರಿಸದವರು ಹಿರಿಯರೆನಿಸಿಕೊಳ್ಳಲು ಅರ್ಹರಲ್ಲ ಎಂಬುದು ನನ್ನ ನಿಷ್ಠುರ ಅಭಿಪ್ರಾಯ.

ಮೊನ್ನೆ ಇಂಚರ ಒಳಗೆ ಬಂದು, ತಾಯಿಯ ಸೆರಗು ಜಗ್ಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ಮೊದಲ ಸಲ ಬಾಯಿಬಿಟ್ಟು "ನೋವು" ಎಂದಳು.

ಭವಾನಿಯವರು ಒಲೆ ಆರಿಸಿ ಕೂಗಿದರು: "ಅತ್ತೆ, ಬೇಗ ಬನ್ನಿ! ಇಂಚರ ನೋವು ಅಂದ್ಳು!"

ಕೆಂಪಮ್ಮನವರು ಮಂಡಿನೋವನ್ನೂ ಮರೆತು ಬಂದು ಮೊಮ್ಮಗಳೆದುರು ನೆಲಕ್ಕೆ ಕುಳಿತರು. "ಎಲ್ಲಿ ಕೂಸೆ, ತೋರ್ಸು," ಎಂದರು.