ನಾಲ್ಕನೆಯ ಭಾನುವಾರದ ಹಾಸಿಗೆ

ಸಾಲ ಪೂರ್ತಿ ತೀರಿತು ಎಂಬ ಕಾಗದ ಬಂದ ದಿನ ನಮ್ಮವರು ಅದನ್ನು ಎರಡು ಸಲ ಓದಿ, ಮಡಿಸಿ, ಹಿಂಬದಿ ಖಾಲಿ ಇದೆಯೇ ಎಂದು ತಿರುಗಿಸಿ ನೋಡಿದರು. ಖಾಲಿ ಇತ್ತು. ಲೆಕ್ಕ ಗೀಚಲು ಬೇಕಾಗುತ್ತದೆ ಎಂದು ಕಪಾಟಿನ ಮೇಲೆ ಎತ್ತಿಟ್ಟರು. ಐದು ವರ್ಷ ಒಂದು ತಿಂಗಳೂ ತಪ್ಪದೆ ಕಂತು ಕಟ್ಟಿದ ಮನುಷ್ಯ ಎದ್ದು ಕುಣಿಯಬೇಕಿತ್ತು ಎಂದು ನಾನು ಹೇಳುವುದಿಲ್ಲ, ಅವರ ಸೊಂಟಕ್ಕೆ ಅದು ಆಗುವುದೂ ಇಲ್ಲ. ಒಂದು ನಗುವನ್ನಾದರೂ ಖರ್ಚು ಮಾಡಬಹುದಿತ್ತು.

ನಮ್ಮವರು ಕಾರು ಓಡಿಸಲು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟು ಅವರದು, ಆ ಸೀಟಿನ ಕೆಳಗೆ ಅವರದೇ ಒಂದು ಬ್ರೇಕು. ಕಲಿಯುವವರು ಎಮ್ಮೆ ಕಂಡರೂ ಗೋಡೆ ಕಂಡರೂ ಒಂದೇ ವೇಗದಲ್ಲಿ ಹೋಗುತ್ತಾರಾದ್ದರಿಂದ ಇವರು ಒತ್ತುತ್ತಲೇ ಇರಬೇಕು. ಇಪ್ಪತ್ತೆರಡು ವರ್ಷ ಒತ್ತಿ ಒತ್ತಿ ಇವರಿಗೆ ಬ್ರೇಕ್ ಮೇಷ್ಟ್ರು ಎಂದೇ ಹೆಸರು ಬಿದ್ದಿದೆ. ಕಲಿಕೆ ಮುಗಿಯುವ ಕೊನೆಯ ದಿನ ಮಾತ್ರ ಅವರು ಚಪ್ಪಲಿ ಬಿಚ್ಚಿ, ಎರಡೂ ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡು ಕೂತು, "ನನ್ನ ಕಾಲು ಮೇಲಿದೆ. ಇನ್ನು ಗಾಡಿ ನಿಮ್ಮದು" ಎನ್ನುತ್ತಾರಂತೆ. ಆ ಮಾತು ಕೇಳಿ ಕೆಲವರು ಅತ್ತದ್ದೂ ಉಂಟಂತೆ. ಇದೆಲ್ಲ ಅವರೇ ಹೇಳಿದ್ದು.

ಸಾಲದ ಕಥೆ ಉದ್ದವೇನಿಲ್ಲ. ಸ್ವಂತ ತರಬೇತಿ ಶಾಲೆ ತೆರೆಯುತ್ತೇನೆಂದು ಒಂದು ಕಾರಿಗೆ ಸಾಲ ಮಾಡಿದರು. ಅದರ ಕಂತಿಗೆ ಇನ್ನೊಂದು ಸಾಲ, ಅದರ ಕಂತಿಗೆ ಮತ್ತೊಂದು. ಕಡೆಗೆ ಸಾಲಗಾರರಿಗೆ ದಾರಿ ತೋರಿಸುವ ಒಂದು ಆಫೀಸಿಗೆ ಹೋಗಿ ಕೂತೆವು. ಅಲ್ಲಿಯ ಹೆಂಗಸು ಮೂರನ್ನೂ ಒಂದೇ ಕಂತಾಗಿ ಮಾಡಿ ಐದು ವರ್ಷದ ಒಪ್ಪಂದ ಬರೆಸಿದಳು. ಕಾರು ಹೋಯಿತು. ಮೊದಲ ಕಂತಿಗೆ ಕಡಿಮೆ ಬಿದ್ದದ್ದಕ್ಕೆ ಮಂಚವೂ ಹಾಸಿಗೆಯೂ ಹೋದವು.

ಅಂದಿನಿಂದ ಬ್ರೇಕು ಮನೆಗೂ ಬಂತು. ನಾನು ಪರ್ಸಿನ ಗುಂಡಿ ಬಿಚ್ಚಿದರೆ ಸಾಕು, ನಮ್ಮವರ ಬಲಗಾಲು ತಟ್ ಎಂದು ನೆಲ ಒತ್ತುತ್ತದೆ. ಸೋಪಿಗೆ ಸ್ವಲ್ಪ ಮೆಲ್ಲಗೆ, ಬಟ್ಟೆ ಅಂಗಡಿಯ ಮುಂದೆ ಹಾದುಹೋದರೆ ಪೂರ್ತಿ. ಬೇಕೆಂದು ಮಾಡುವುದಲ್ಲ, ಅವರಿಗೆ ಗೊತ್ತೂ ಆಗುವುದಿಲ್ಲ. ಅಂಗಡಿಯವರು ಜಿರಳೆ ತುಳಿದರೇನೋ ಎಂದು ಬಗ್ಗಿ ನೋಡುತ್ತಾರೆ.

ನನ್ನ ಕೆಲಸ ಆಸ್ಪತ್ರೆಯ ಚಾದರ ಕೋಣೆಯಲ್ಲಿ. ಒಗೆದು ಬಂದ ಚಾದರಗಳ ಹರುಕು ಹೊಲಿಯುವುದು. ಊರಿನವರೆಲ್ಲ ಮಲಗಿ, ನರಳಿ, ಎದ್ದುಹೋದ ಚಾದರಗಳು ಇಪ್ಪತ್ತು ವರ್ಷದಿಂದ ನನ್ನ ತೊಡೆಯ ಮೇಲೆ ಬಂದು ಬೀಳುತ್ತಿವೆ. ಅವನ್ನು ಹೊಲಿದು ಮನೆಗೆ ಬಂದು ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಕಂಬಳಿ ಹಾಸಿಕೊಂಡು ಐದು ವರ್ಷ ಮಲಗಿದೆ. ಸಾಲ ತೀರಿದ ಮೇಲೆ ನನಗೆ ಒಂದೇ ಒಂದು ವಸ್ತು ಬೇಕು, ಯಾರೂ ಮಲಗದ, ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಒಂದು ಹೊಸ ಹಾಸಿಗೆ ಎಂದು ಮೊದಲೇ ಹೇಳಿಟ್ಟಿದ್ದೆ. ಚಿನ್ನ ಕೇಳಲಿಲ್ಲ. ಹಾಸಿಗೆ, ಕಾಲು ಎಂಬ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ಬುದ್ಧಿ ಹೇಳಲು ಬಾಯಿ ತೆರೆಯುವವರಿದ್ದಾರೆ. ಅವರು ಈ ಕಥೆ ಮುಗಿಯುವ ತನಕ ಸುಮ್ಮನಿದ್ದರೆ ಉಪಕಾರ.

ನಾವು ಇಷ್ಟು ವರ್ಷ ಹಾಸಿಗೆಯನ್ನೇ ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಸ್ ಸ್ಟಾಪಿನ ಎದುರಿಗೇ ಒಂದು ಹಾಸಿಗೆ ಅಂಗಡಿ. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ನಮ್ಮವರ ಸೊಂಟ ಬಸ್ ಸ್ಟಾಪಿನಲ್ಲೇ ಹಿಡಿದುಕೊಂಡಿತು, ಬಗ್ಗಿದವರು ಬಗ್ಗಿದ ಹಾಗೇ ನಿಂತರು. ಅಂಗಡಿಯ ಯಜಮಾನ, ಕಿವಿಯ ಸಂದಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಭಾರೀ ಆಳು, ಹೊರಗೆ ಬಂದು ಇವರನ್ನು ಹಿಡಿದು ಗಾಜಿನ ಹಿಂದೆ ನೋಡಲಿಕ್ಕೆಂದು ಇಟ್ಟಿದ್ದ ಹಾಸಿಗೆಯ ಮೇಲೆ ಮಲಗಿಸಿದ. ಇವರು ಒಂದೂವರೆ ಗಂಟೆ ನಿದ್ದೆ ಹೊಡೆದರು. ಮುಂದಿನ ಭಾನುವಾರ ಥ್ಯಾಂಕ್ಸ್ ಹೇಳಲು ಹೋದೆವು. ಹೇಳಿ, ಮಲಗಿ, ಎದ್ದು ಬಂದೆವು. ಅಲ್ಲಿಂದ ಪ್ರತಿ ಭಾನುವಾರ ಮಧ್ಯಾಹ್ನ ಕೊಳ್ಳುವವರ ಹಾಗೆ ಬೆಲೆ ಕೇಳುವುದು, ಕೈಯಿಂದ ಒತ್ತಿ ನೋಡುವುದು, ನಾನು ಎಡಕ್ಕೆ, ಅವರು ಬಲಕ್ಕೆ ಒರಗುವುದು. ಯಜಮಾನ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಪುಣ್ಯಾತ್ಮ ಎಂದುಕೊಂಡಿದ್ದೆ. ಗಾಜಿನ ಹಿಂದೆ ಬಾಯಿ ತೆರೆದು ಮಲಗಿದ ನಮ್ಮವರನ್ನು ನೋಡಿ ರಸ್ತೆಯ ಜನ ಒಳಗೆ ಬರುತ್ತಿದ್ದರು ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಕಾಗದ ಬಂದ ಮೇಲೂ ನಾನು ತಿಂಗಳ ಕಂತಿನ ದುಡ್ಡನ್ನು ಹಾಗೇ ಎತ್ತಿಡುತ್ತಾ ಹೋದೆ. ನಾಲ್ಕು ತಿಂಗಳಿಗೆ ಹಾಸಿಗೆಯ ಬೆಲೆ ಕೂಡಿತು. ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟೆ.

ಮೊದಲ ಭಾನುವಾರ ನಮ್ಮವರು ಇದು ನಮ್ಮ ಬಾಗಿಲಲ್ಲಿ ಹಿಡಿಸುತ್ತದೆಯೇ ಎಂದು ಕೇಳಿ, ಬಾಗಿಲಿನ ಅಳತೆ ತಂದಿಲ್ಲ ಎಂದು ವಾಪಸು ಕರೆತಂದರು. ಎರಡನೆಯ ಭಾನುವಾರಕ್ಕೆ ಅಳತೆ ಬಂತು, ಸಾಲ ತೀರಿದ ಕಾಗದದ ಹಿಂಬದಿಯಲ್ಲೇ ಬರೆದುಕೊಂಡಿದ್ದರು. ಹಾಸಿಗೆ ಹಿಡಿಸುತ್ತಿತ್ತು. ಅದಕ್ಕೆ ಅವರ ಮುಖ ಸಣ್ಣದಾಯಿತು. ವರ್ಷದ ಕೊನೆಗೆ ಬೆಲೆ ಇಳಿಯಬಹುದಲ್ಲವೇ ಎಂದು ಯಜಮಾನನನ್ನು ಕೇಳಿದರು. ವರ್ಷದ ಕೊನೆಗೆ ಇನ್ನೂ ಒಂಬತ್ತು ತಿಂಗಳಿತ್ತು. ಮೂರನೆಯ ಭಾನುವಾರ ಮಲಗಿಕೊಂಡು ಯೋಚಿಸುತ್ತೇನೆ ಎಂದರು, ಅಂಗಡಿ ಬಾಗಿಲು ಹಾಕುವ ತನಕ ಗೊರಕೆ ಹೊಡೆಯುತ್ತಾ ಯೋಚಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ.

"ಸಾಲ ತೀರಿದ್ದು ಆಫೀಸಿಗೆ ಗೊತ್ತಾಗಿದೆ, ನನಗೆ ಗೊತ್ತಾಗಿದೆ. ನಿಮ್ಮ ಕಾಲಿಗೆ ಇನ್ನೂ ಯಾರೂ ಹೇಳಿಲ್ಲ ನೋಡಿ," ಎಂದೆ.

ಅವರು ಕಿಟಕಿಯ ಕಡೆಗೆ ನೋಡುತ್ತಾ ಹೇಳಿದರು: "ಹೋದ ಸಲ ನಾನು ಧೈರ್ಯ ಮಾಡಿದಾಗ ನಿನ್ನ ಹಾಸಿಗೆ ಹೋಯ್ತು ಕಣೆ."

ಇಂಥ ಮಾತನ್ನು ಜಗಳದ ನಡುವೆ ಆಡಬಾರದು. ಜಗಳ ಆಡುವವರಿಗೆ ಅನ್ಯಾಯವಾಗುತ್ತದೆ. ನನಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ನಾಲ್ಕನೆಯ ಭಾನುವಾರ ನಾವು ಹೋದಾಗ ಅಂಗಡಿಯಲ್ಲಿ ಹೊಸದಾಗಿ ಮನೆ ಹೂಡಿದ ಒಂದು ಜೋಡಿ ಇತ್ತು. ಇಬ್ಬರಿಗೂ ಸೇರಿ ನಲವತ್ತೈದು ವರ್ಷ ಆಗಿದ್ದರೆ ಹೆಚ್ಚು. ಅಂಗಡಿಯಲ್ಲೇ ಅತ್ಯಂತ ದೊಡ್ಡ ಹಾಸಿಗೆಯ ಮುಂದೆ ನಿಂತಿದ್ದರು. ಯಜಮಾನ ಅವರಿಗೆ ಇದು ಹಾಸಿಗೆಯಲ್ಲ, ಔಷಧಿ ಎಂದು ಹೇಳುತ್ತಿದ್ದ. ಎಲ್ಲ ಹಾಸಿಗೆಗೂ ಅವನು ಹೇಳುವುದು ಅದನ್ನೇ. ನಾವು ನಮ್ಮ ಮಾಮೂಲು ಜಾಗದಲ್ಲಿ ಒರಗಿದೆವು. ಇವತ್ತು ದುಡ್ಡು ಪೂರ್ತಿ ಬೇಡ, ಸಹಿ ಹಾಕಿ ಹಾಸಿಗೆ ಒಯ್ಯಿರಿ, ಇಪ್ಪತ್ತನಾಲ್ಕು ಕಂತು, ಅಷ್ಟೇ ಎಂದು ಯಜಮಾನ ಹೇಳಿದ್ದು ಕಿವಿಗೆ ಬಿತ್ತು. ಪಕ್ಕದಲ್ಲಿ ನಮ್ಮವರ ಬಲಗಾಲು ಗಾಳಿಯನ್ನೇ ಒತ್ತತೊಡಗಿತು. ಹುಡುಗ ಪೆನ್ನು ಕೈಗೆ ತೆಗೆದುಕೊಂಡ. ಸೊಂಟನೋವಿನ ಮನುಷ್ಯ ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿರಲಿಲ್ಲ.

ಅವರು ಹುಡುಗನ ಪಕ್ಕ ನಿಂತು, ಕಲಿಸುವ ದನಿಯಲ್ಲಿ, ಮೂರನೆಯ ಕಂತು ತಪ್ಪಿದರೆ ಏನಾಗುತ್ತದೆಂದು ಓದಿದ್ದೀಯಾ, ಕೈಯಲ್ಲಿ ಇವತ್ತು ಎಷ್ಟಿದೆ ಎಂದು ವಿಚಾರಿಸಿದರು. ಹುಡುಗ ಪೆನ್ನು ಕೆಳಗಿಟ್ಟ. ಯಜಮಾನನ ಮುಖ ಕೆಂಪಗಾಯಿತು.

"ನಾಲ್ಕು ವರ್ಷದಿಂದ ಬಿಟ್ಟಿ ಮಲಗಿಸ್ತಾ ಇದೀನಿ ಮೇಷ್ಟ್ರೇ. ಒಂದು ದಿಂಬಿನ ಕವರೂ ಕೊಂಡಿಲ್ಲ ನೀವು. ಈಗ ನನ್ನ ವ್ಯಾಪಾರಕ್ಕೇ ಕಲ್ಲು ಹಾಕ್ತೀರಾ? ಆ ಹಾಸಿಗೆ ನೋಡಿ, ಅದನ್ನ ಇನ್ನು ಯಾರಿಗೆ ಮಾರಲಿ ನಾನು?"

ಎಲ್ಲರೂ ನೋಡಿದೆವು. ಎಡಕ್ಕೆ ಒಂದು ತಗ್ಗು, ಬಲಕ್ಕೆ ಅದಕ್ಕಿಂತ ಆಳವಾದ ಇನ್ನೊಂದು, ನಡುವೆ ದಿಬ್ಬ. ಇಬ್ಬರು ಮನುಷ್ಯರ ಅಚ್ಚು. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವ ಹಾಗಾಯಿತು. ನಾಚಿಕೆಯಾದಾಗ ನನ್ನ ನಾಲಿಗೆ ಉದ್ದವಾಗುತ್ತದೆ. ಇವರ ಗೊರಕೆ ನೋಡಿ ನಿಮ್ಮ ಅಂಗಡಿಗೆ ಎಷ್ಟು ಜನ ಬಂದರು, ಅದರಲ್ಲಿ ಇವರಿಗೆ ಎಷ್ಟು ಸಂಬಳ ಕೊಟ್ಟಿರಿ ಎಂದು ಕೇಳಿಯೇಬಿಟ್ಟೆ. ಯಜಮಾನ ಪೆನ್ಸಿಲ್ಲಿನಿಂದ ಕಿವಿ ಕೆರೆದುಕೊಂಡ. ಆಮೇಲೆ, ತಗ್ಗು ಬಿದ್ದ ಆ ಹಾಸಿಗೆಯನ್ನು ಅರ್ಧ ಬೆಲೆಗೆ ಕೊಟ್ಟುಬಿಡುತ್ತೇನೆ, ಯಾರಾದರೂ ಒಯ್ಯಿರಿ ಎಂದ.

ಅರ್ಧ ಬೆಲೆ ಎಂದದ್ದೇ ತಡ, ನಮ್ಮವರ ಮುಖದಲ್ಲಿ ದೀಪ ಹತ್ತಿತು. ನನ್ನನ್ನು ಪಕ್ಕಕ್ಕೆ ಕರೆದರು. ಮಾಡಿದ ಹಾಳಿಗೆ ಬೆಲೆ ಕೊಟ್ಟ ಹಾಗೂ ಆಗುತ್ತದೆ, ಅರ್ಧ ದುಡ್ಡು ಉಳಿದ ಹಾಗೂ ಆಗುತ್ತದೆ ಎಂದು ಪಿಸುಗುಟ್ಟಿದರು.

"ಬೇಡ," ಎಂದೆ.

"ಅದರಲ್ಲಿ ಮಲಗಿದ್ದು ನಾವೇ ಅಲ್ವೇನೆ? ಬೇರೆಯವರಲ್ಲವಲ್ಲ."

"ನಾವೂ ಮಲಗಿರಬಾರದು ರೀ. ಇಪ್ಪತ್ತು ವರ್ಷದಿಂದ ಮಲಗಿ ಹರಿದದ್ದನ್ನೇ ಹೊಲೀತಾ ಇದೀನಿ. ಮೊದಲ ದಿನದಿಂದ ನನ್ನದು ಅನ್ನೋದು ಒಂದು ಇರಲಿ."

ಅಷ್ಟರಲ್ಲಿ ಆ ಹುಡುಗಿ ಹೋಗಿ ನನ್ನ ತಗ್ಗಿನಲ್ಲಿ ಮಲಗಿ ನೋಡಿದಳು. ಹುಡುಗನನ್ನು ಕರೆದು ನಮ್ಮವರ ತಗ್ಗಿನಲ್ಲಿ ಮಲಗಿಸಿದಳು. ಬೇರೆಯವರು ಅಲ್ಲಿ ಮಲಗಿದ್ದು ನೋಡಿ ನನಗೆ ಯಾಕೋ ಒಂದು ಥರ ಆಯಿತು. ಕೈಯಲ್ಲಿರುವ ದುಡ್ಡಿಗೆ ಇದು ಸಿಗುತ್ತದೆ, ಸಾಕು ಎಂದು ಅವಳು ತೀರ್ಮಾನ ಹೇಳಿದಳು. ದಿಬ್ಬ ಇದೆಯಲ್ಲ ಎಂದು ಹುಡುಗ ರಾಗ ಎಳೆದ. ಜಗಳವಾದ ದಿನ ಅನುಕೂಲವಾಗುತ್ತದೆ ಎಂದು ನಾನು ಅನುಭವದ ಮಾತು ಹೇಳಿದೆ.

ಯಜಮಾನ ಒಳಗಿನಿಂದ ಹೊಸ ಹಾಸಿಗೆಯೊಂದನ್ನು ಎಳೆದು ತಂದು ನಮ್ಮ ಮುಂದೆ ಹಾಕಿದ. ಮೇಲೆ ಪ್ಲಾಸ್ಟಿಕ್ ಹೊದಿಕೆ, ಒಂದು ಸುಕ್ಕಿಲ್ಲ. ಬಿಲ್ಲು ಬರೆಯುತ್ತಾ, ಪೂರ್ತಿ ದುಡ್ಡು ಇವತ್ತೇ ಕೊಡಬೇಕೆಂದಿಲ್ಲ, ಬೇಕಾದರೆ ಕಂತು ಎಂದು ಅಭ್ಯಾಸಬಲದಿಂದ ಶುರು ಮಾಡಿದ. ನಾವು ನಾಲ್ವರೂ ಅವನನ್ನು ನೋಡಿದೆವು. ಅವನು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡ.

ನಾನು ಮೇಜಿನ ಮುಂದೆ ನಿಂತು ಕರವಸ್ತ್ರದ ಗಂಟು ಬಿಚ್ಚಿದೆ. ಬಿಚ್ಚುತ್ತಾ ಬೆನ್ನ ಹಿಂದಿನ ತಟ್ ಸದ್ದಿಗೆ ಕಾದೆ. ಬರಲಿಲ್ಲ. ದುಡ್ಡು ಎಣಿಸಿದೆ, ಆಗಲೂ ಬರಲಿಲ್ಲ. ಗಾಬರಿಯಾಗಿ ತಿರುಗಿ ನೋಡಿದೆ.

ನಮ್ಮವರು ಹೊಸ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಚಪ್ಪಲಿಗಳು ಕೆಳಗೆ ಜೋಡಿಯಾಗಿ ನಿಂತಿದ್ದವು. ಎರಡೂ ಕಾಲುಗಳನ್ನು ಮೇಲೆ ಮಡಚಿಕೊಂಡು, ಎರಡು ಕೈಯಿಂದಲೂ ಪಾದಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಹಣೆಯಲ್ಲಿ ಬೆವರಿತ್ತು.

"ನನ್ನ ಕಾಲು ಮೇಲಿದೆ," ಎಂದರು. ಮುಂದಿನ ಮಾತು ಅವರಿಗೆ ಆಡಲಾಗಲಿಲ್ಲ.

ಅದು ನನಗೂ ಗೊತ್ತಿರುವ ಮಾತೇ. ನಾನು ಯಜಮಾನನ ಕಡೆಗೆ ತಿರುಗಿ, ದುಡ್ಡನ್ನು ಅವನ ಕೈಗೆ ಚಾಚಿದೆ. ಅವನು ಹಿಡಿದುಕೊಂಡ, ಎಳೆದ, ದುಡ್ಡು ಬರಲಿಲ್ಲ. ಆಗ ತಟ್ ಎಂದು ಸದ್ದಾಯಿತು. ಬಗ್ಗಿ ನೋಡಿದರೆ, ನೆಲವನ್ನು ಒತ್ತಿ ಹಿಡಿದಿದ್ದದ್ದು ನನ್ನ ಕಾಲು.