ಆರುನೂರೈವತ್ತು ರೊಟ್ಟಿಯ ಸನ್ಮಾನ

ಸೇಬಿನ ಹಾರಕ್ಕೆ ಎರಡು ಸಾವಿರದ ನಾನೂರು. ಶಾಲಿಗೆ ಮುನ್ನೂರೈವತ್ತು. ಫ್ಲೆಕ್ಸಿಗೆ ಎಂಟುನೂರು. ವಿಜಯಪುರಕ್ಕೆ ಹೋಗಿ ಬರಲು ಟಂಟಂ ಬಾಡಿಗೆ ಒಂದು ಸಾವಿರ. ಒಟ್ಟು ನಾಲ್ಕು ಸಾವಿರದ ಐದುನೂರೈವತ್ತು. ನನ್ನ ಹೆಂಡತಿ ಹುಲಿಗೆವ್ವ ಇದನ್ನು ಬೆರಳಲ್ಲೇ ಕೂಡಿಸಿ, ರೊಟ್ಟಿಗೆ ಏಳು ರೂಪಾಯಿಯಂತೆ ಭಾಗಿಸಿ ಹೇಳಿದಳು:

“ಆರುನೂರೈವತ್ತು ರೊಟ್ಟಿ ಒಯ್ದು ಅವರ ಕೊಳ್ಳಾಗ ಹಾಕಿ ಬಂದೀರಿ.”

ಅವಳ ಲೆಕ್ಕ ತಪ್ಪುವುದಿಲ್ಲ. ಆರು ಮಂದಿ ಹೆಂಗಸರನ್ನು ಕೂಡಿಸಿಕೊಂಡು ನಸುಕಿನಲ್ಲೇ ಕಡಕ್ ರೊಟ್ಟಿ ಬಡಿಯುತ್ತಾಳೆ. ಮುನ್ನೂರು ರೊಟ್ಟಿಯನ್ನು ಧೋತರದಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟುಕೊಂಡು ಜೈನಾಪುರ ಕ್ರಾಸಿನಲ್ಲಿ ಏಳು ಗಂಟೆಯ ಬಸ್ಸಿಗೆ ನಿಲ್ಲುತ್ತಾಳೆ. ವಿಜಯಪುರದ ಗಾಂಧಿ ಚೌಕದ ಹಿಂದಿನ ಖಾನಾವಳಿಗೆ ಕೊಟ್ಟು ಬರುತ್ತಾಳೆ. ಕ್ರಾಸಿನಲ್ಲಿ ಗಿಡವಿಲ್ಲ, ತಲೆಯ ಮೇಲೆ ಮಾಡೂ ಇಲ್ಲ. ಮಳೆ ಬಂದರೆ ರೊಟ್ಟಿ ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಒಳಗಿನ ಬಿಸಿಗೇ ಬೆವರುತ್ತದೆ. ಹೋದ ಶ್ರಾವಣದಲ್ಲಿ ಮೂರು ಸಲ ಬುಟ್ಟಿ ವಾಪಸ್ ಬಂತು. ಖಾನಾವಳಿಯ ರಾಜೇಶ್ವರಿಬಾಯಿ ಒಳ್ಳೆಯವರು, ಆದರೆ ಅವರದೂ ಧಂದೆ. “ಹುಲಿಗೆವ್ವ, ಬರೋ ಮಳಿಗಾಲದಾಗೂ ಹಿಂಗಾದ್ರ ನಾ ಬ್ಯಾರೆ ಕಡೆ ನೋಡ್ಕೋತೇನಿ. ಮನಸ್ಸಿಗೆ ಹಚ್ಕೋಬ್ಯಾಡ” ಎಂದರು.

ಕ್ರಾಸಿಗೊಂದು ಬಸ್ ತಂಗುದಾಣ ಬೇಕೆಂದು ವಿಧಾನ ಪರಿಷತ್ತಿನ ಶಾಸಕರೊಬ್ಬರಿಗೆ ಅರ್ಜಿ ಕೊಟ್ಟೆವು. ಶಾಸಕರಿಗೆ ಪ್ರದೇಶಾಭಿವೃದ್ಧಿ ನಿಧಿ ಅಂತ ಇರುತ್ತದೆ. ದುಡ್ಡು ಅವರ ಕೈಗೆ ಬರುವುದಿಲ್ಲ. ಇಂಥ ಊರಿಗೆ ಇಂಥ ಕೆಲಸ ಎಂದು ಅವರು ಪತ್ರ ಬರೆಯಬೇಕು, ಡಿಸಿ ಆಫೀಸಿನಲ್ಲಿ ಮಂಜೂರಾಗಬೇಕು. ಪತ್ರವೇ ಹೋಗದಿದ್ದರೆ ಏನೂ ಇಲ್ಲ. ಅರ್ಜಿ ಓದಿ ಅವರು, “ಐದು ಲಕ್ಷದಾಗ ಆಗ್ತದ, ನೋಡೋಣು” ಎಂದು ತಲೆಯಾಡಿಸಿದರು.

ಅಷ್ಟು ಸಾಕಾಯಿತು ನಮ್ಮ ಪಂಚಾಯ್ತಿ ಮೆಂಬರ್ ಗುರಲಿಂಗಪ್ಪನಿಗೆ.

“ಲೇ ಭಾಗಪ್ಪ, ತಲಿ ಆಡಿಸ್ಯಾರಂದ್ರ ಆತು. ಮದಲ ಸನ್ಮಾನ ಮಾಡಿಬಿಡು. ಶಾಲು ಹೊದ್ದ ಮ್ಯಾಲೆ ಯಾರೂ ಹಿಂದ ಸರಿಯಂಗಿಲ್ಲ.”

ನನಗೂ ಸರಿ ಅನ್ನಿಸಿತು. ಊರವರಿಂದ ವಂತಿಗೆ ಎತ್ತಲು ಹೋದರೆ ತಿಂಗಳು ಹಿಡಿಯುತ್ತದೆಂದು ಹುಲಿಗೆವ್ವನ ಡಬ್ಬಿಯಿಂದಲೇ ತೆಗೆದುಕೊಟ್ಟೆ. ‘ಜೈನಾಪುರ ಕ್ರಾಸಿಗೆ ಬಸ್ ತಂಗುದಾಣ ಕಲ್ಪಿಸಿಕೊಟ್ಟ ಮಾನ್ಯ ಶಾಸಕರಿಗೆ ಅಭಿನಂದನೆಗಳು’ ಎಂದು ಫ್ಲೆಕ್ಸ್ ಬರೆಸಿದೆವು. ಮೂಲೆಯಲ್ಲಿ ನನ್ನ ಫೋಟೋ, ಅದಕ್ಕಿಂತ ದೊಡ್ಡದು ಗುರಲಿಂಗಪ್ಪನದು. ಸನ್ಮಾನದ ದಿನ ವಿಜಯಪುರದ ಶಾಸಕರ ಕಚೇರಿಯಲ್ಲಿ ಶಾಲು ಹಿಡಿದು ಬಂದವರೇ ನಲವತ್ತು ಮಂದಿ ಇದ್ದರು. ನಮ್ಮ ಸರದಿ ಎರಡು ನಿಮಿಷ. ಫೋಟೋ ತೆಗೆಸಿಕೊಂಡು ಬಂದೆವು.

ಫೆಬ್ರವರಿ ಬಂದರೂ ಕ್ರಾಸಿಗೆ ಒಂದು ಬುಟ್ಟಿ ಉಸುಕು ಬೀಳಲಿಲ್ಲ. ಕೇಳಲು ಹೋದೆ. ಶಾಸಕರ ಆಪ್ತ ಸಹಾಯಕ ಅರುಣಕುಮಾರ, ಸಣ್ಣ ವಯಸ್ಸಿನವ, ಪಟ್ಟಿ ತೆಗೆದು ತೋರಿಸಿದ. ನಮ್ಮ ಊರಿನ ಮುಂದೆ ‘ಮುಗಿದಿದೆ’ ಎಂದಿತ್ತು.

“ಮುಗದದ ಅಂತ ನೀವ ಫ್ಲೆಕ್ಸ್ ತಂದಿದ್ರಲ್ಲ ಕಾಕಾ. ಯಾವುದೋ ಬ್ಯಾರೆ ಅನುದಾನದಾಗ ಆಗಿರಬೇಕು ಅಂತ ನಾ ಗೆರಿ ಹೊಡದೆ. ನಿಮ್ಮ ಐದು ಲಕ್ಷ ಬ್ಯಾರೆ ಊರಿಗೆ ಹೋಗ್ಯಾವ.”

ಮನೆಗೆ ಬಂದು ಇದನ್ನು ಹೇಳಿದಾಗಲೇ ಹುಲಿಗೆವ್ವ ಆ ಮೇಲಿನ ಲೆಕ್ಕ ಹಾಕಿದ್ದು. ಬೈಯಲಿಲ್ಲ. ನಕ್ಕಳು. ಬೈದಿದ್ದರೇ ಚೆನ್ನಾಗಿತ್ತು.

“ಅಲ್ರೀ, ಕೂಸು ಹುಟ್ಟೂಕಿಂತ ಮದಲ ಪೇಢೆ ಹಂಚಿದಂಗಾತು. ಇರ್ಲಿ, ಉಣ್ರಿ. ನಾಳಿ ನಾನೂ ಬರ್ತೇನಿ.”

ಮರುದಿನ ಖಾನಾವಳಿಗೆ ರೊಟ್ಟಿ ಕೊಟ್ಟು, ಎರಡನ್ನು ಉಳಿಸಿಕೊಂಡು ನನ್ನ ಜೊತೆ ಶಾಸಕರ ಕಚೇರಿಗೆ ಬಂದಳು. ಒಳಗೆ ಹೋಗುವ ಮೊದಲು ಒಂದರ ಮೇಲೆ ಬಾಟಲಿಯ ನೀರು ಚಿಮುಕಿಸಿದಳು. ಎರಡನ್ನೂ ಅರುಣಕುಮಾರನ ಟೇಬಲ್ಲಿನ ಮೇಲಿಟ್ಟಳು.

“ಮುರೀರಿ ಸಾಹೇಬ್ರ.”

ಮೊದಲನೆಯದು ಪಟ್ಟೆಂದು ಮುರಿಯಿತು. ಎರಡನೆಯದು ಒದ್ದೆ ಅರಿವೆಯಂತೆ ಅವನ ಕೈಯಲ್ಲಿ ಜೋತು ಬಿತ್ತು.

“ಇದು ನಿಮ್ಮ ಪಟ್ಟ್ಯಾಗ ಮುಗದದ ಅಂದ ತಂಗುದಾಣದಾಗ ನಿಂತು ಬಂದ ರೊಟ್ಟಿ ನೋಡ್ರಿ. ನಮ್ಮ ಯಜಮಾನ್ರು ಸುಳ್ಳ ಹೇಳಾವರಲ್ಲ, ಅವಸರದವರು. ತಪ್ಪು ಅವರದೈತಿ. ತೊಯ್ಯೂದು ಮಾತ್ರ ನಂದು.”

ಅರುಣಕುಮಾರ ನನ್ನನ್ನು ನೋಡಿದ, ರೊಟ್ಟಿಯನ್ನು ನೋಡಿದ.

“ಆಯಿ, ನಂದೂ ತಪ್ಪೈತಿ. ಒಂದು ಫೋನರ ಮಾಡಿ ಕೇಳಬೇಕಿತ್ತು. ಒಂದೂರಾಗ ಜಾಗದ ತಕರಾರಾಗಿ ಎರಡೂವರೆ ಲಕ್ಷದ ಕೆಲಸ ನಿಂತದ. ಸಾಹೇಬ್ರಿಗೆ ಹೇಳಿ ಅದನ್ನ ನಿಮ್ಮೂರಿಗೆ ಬರಸ್ತೇನಿ. ಸಣ್ಣದಾಗ್ತದ. ಸೋಮವಾರದೊಳಗ ಪಂಚಾಯ್ತಿ ಸಭ್ಯಾಗ ಪಾಸಾದ ಠರಾವು, ಜಾಗ ಯಾರದಂತ ತೋರ್ಸೂ ಉತಾರ ತಂದು ಕೊಡ್ರಿ. ಮಾರ್ಚ್ ದಾಟಿದ್ರ ನಾ ಏನೂ ಮಾಡಾಕಾಗಂಗಿಲ್ಲ.”

“ಸಣ್ಣದಾದ್ರೂ ತಲಿ ಮ್ಯಾಲೆ ಮಾಡು ಇರತೈತಲ್ಲ” ಎಂದಳು ಅವಳು. ಒಣರೊಟ್ಟಿಯ ಚೂರುಗಳನ್ನು ಅವನ ಕಡೆ ಸರಿಸಿದಳು. ಅವನು ತಿಂದ.

ಬಸ್ಸಿಳಿದು ಹುಲಿಗೆವ್ವ ನೇರ ಗುರಲಿಂಗಪ್ಪನ ಕಟ್ಟೆಗೆ ಹೋದಳು. ಅವನು ಚಹಾ ಕುಡಿಯುತ್ತಿದ್ದ.

“ಮೆಂಬರ್ರ, ಶಾಲು ಹೊದಸೂದು ನಿಮಗ ಗೊತ್ತೈತಿ. ಠರಾವು ಮಾಡಸೂದು ಗೊತ್ತೈತೋ ಇಲ್ಲೋ?”

“ಏನವಾ ಹಿಂಗ ಕೇಳ್ತಿ.”

“ಸೋಮವಾರದೊಳಗ ಬೇಕು. ಇಲ್ಲಂದ್ರ ಆ ಫ್ಲೆಕ್ಸ್ ಕ್ರಾಸಿನ್ಯಾಗ ಕಟ್ಟಸ್ತೇನಿ. ಮಳ್ಯಾಗ ನಿಂತವರು ನಿಮ್ಮ ಫೋಟೋನರ ನೋಡ್ಕೋತ ನಿಲ್ಲಲಿ.”

ಗುರಲಿಂಗಪ್ಪ ಚಹಾದ ಕಪ್ಪು ಅಲ್ಲೇ ಬಿಟ್ಟು ಬೈಕ್ ಹತ್ತಿದ. ಶನಿವಾರ ಸಂಜೆಗೇ ಠರಾವು, ಉತಾರ ಎರಡೂ ನಮ್ಮ ಮನೆಯಲ್ಲಿದ್ದವು. ಸೋಮವಾರ ನಾನು ಕೊಟ್ಟು ಬಂದೆ. ಈ ಸಲ ಹಾರವಿಲ್ಲ, ಬಸ್ ಚಾರ್ಜ್ ಅಷ್ಟೇ.

ಜೂನ್ ಮೊದಲ ವಾರ ತಗಡು ಹೊದಿಸಿದರು. ಹತ್ತು ಫೂಟಿನದು. ಕೂರಲು ಕಟ್ಟೆ ಬರಲಿಲ್ಲ, ದುಡ್ಡು ಸಾಲಲಿಲ್ಲ. ಬುಟ್ಟಿ ಇಡಲಿ ಎಂದು ನಾನೇ ಹೊಲದಿಂದ ಒಂದು ಹಾಸುಗಲ್ಲು ತಂದು ಹಾಕಿದೆ. ಉದ್ಘಾಟನೆಯ ದಿನ ಗುರಲಿಂಗಪ್ಪ ಶಾಲಿನ ಮಾತೆತ್ತಿದ. ಹುಲಿಗೆವ್ವ ತಿರುಗಿ ನೋಡಿದಳು. ಆ ಮಾತು ಅಲ್ಲಿಗೇ ನಿಂತಿತು. ಶಾಸಕರಿಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಅವರು ಇನ್ನೊಂದು ರೊಟ್ಟಿ ಕೇಳಿದರು.

ಫ್ಲೆಕ್ಸನ್ನು ಸಗಣಿ ಕುಳ್ಳಿನ ರಾಶಿಯ ಮೇಲೆ ಹೊದಿಸಿದ್ದೇವೆ. ರೊಟ್ಟಿಯ ಒಲೆಗೆ ಒಣ ಕುಳ್ಳೇ ಬೇಕು. ಗುರಲಿಂಗಪ್ಪನ ಮುಖ ಒಳಮಗ್ಗುಲಿಗಿದೆ.

ಐದು ಲಕ್ಷದ ತಂಗುದಾಣ ಹೋಯಿತು, ಎರಡೂವರೆ ಲಕ್ಷದ್ದು ಸಿಕ್ಕಿತು. ನಾಲ್ಕು ಸಾವಿರದ ಐದುನೂರೈವತ್ತು ರೂಪಾಯಿ ವಾಪಸ್ ಬರಲಿಲ್ಲ. ಈ ಮಳೆಗಾಲ ಒಂದು ರೊಟ್ಟಿಯೂ ವಾಪಸ್ ಬರಲಿಲ್ಲ.